‘ಹೇಳಿರಬಹುದು’ ಎಂಬ ನಂಬಿಕೆ

ಹತ್ತು ಜನ ಸೇರಿದ ಕಡೆ ಹಾವು ಸಾಯದು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಾವನ್ನು ಹೊಡೆಯುವ ಬಲ ಆ ಹತ್ತು ಜನರಲ್ಲಿ ಪ್ರತಿಯೊಬ್ಬನಿಗೂ ಉಂಟು. ಕೈಯಲ್ಲಿ ಕೋಲೂ ಉಂಟು. ಆದರೆ ಮುಂದೆ ನಿಂತವನು ಹೊಡೆದಾನೆಂದು ಹಿಂದಿನವನು ನಂಬುತ್ತಾನೆ. ಹಿಂದಿನವನ ಕೋಲು ಉದ್ದವಾಗಿದೆ, ಅವನೇ ಹೊಡೆದಾನೆಂದು ಮುಂದಿನವನು ನಂಬುತ್ತಾನೆ. ಈ ಪರಸ್ಪರ ನಂಬಿಕೆಯ ನಡುವೆ ಹಾವು ನಿರಾತಂಕವಾಗಿ ಹುತ್ತವನ್ನು ಸೇರುತ್ತದೆ. ಇಲ್ಲಿ ಯಾರನ್ನೂ ಸೋಮಾರಿಯೆನ್ನುವಂತಿಲ್ಲ, ಹೇಡಿಯೆನ್ನುವಂತಿಲ್ಲ. ಒಬ್ಬನಿಂದ ಇನ್ನೊಬ್ಬನಿಗೆ ದಾಟಬೇಕಾಗಿದ್ದ ಒಂದು ಮಾತು ದಾಟಲಿಲ್ಲ, ಅಷ್ಟೆ.

ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯಂಥ ಊರಿನಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಬಾಳುವ ಮನೆಯನ್ನು ಊಹಿಸಿಕೊಳ್ಳಬಹುದು. ಕಣದಲ್ಲಿ ಮೆಣಸಿನಕಾಯಿ ಒಣಗಲು ಹರಡಿದೆ. ಸಂಜೆಗೆ ಮೋಡ ಕವಿಯುತ್ತದೆ. ತಾಡಪತ್ರಿಯನ್ನು ತಮ್ಮ ಹೊದಿಸಿರಬಹುದೆಂದು ಅಣ್ಣ ನೆಮ್ಮದಿಯಾಗಿ ಊಟಕ್ಕೆ ಕೂಡುತ್ತಾನೆ. ಅಣ್ಣ ಕಣದ ಕಡೆಯಿಂದಲೇ ಬಂದುದನ್ನು ಕಂಡ ತಮ್ಮ, ಆ ಕೆಲಸ ಮುಗಿದಿದೆಯೆಂದು ಹಾಸಿಗೆ ಬಿಚ್ಚುತ್ತಾನೆ. ನಡುರಾತ್ರಿಯ ಮಳೆಗೆ ಕೆಂಪು ಕಣ ತೊಯ್ದು ತೊಪ್ಪೆಯಾಗುತ್ತದೆ. ಬಣ್ಣಗೆಟ್ಟ ಕಾಯಿಗೆ ಬ್ಯಾಡಗಿಯ ಪೇಟೆಯಲ್ಲಿ ಒಳ್ಳೆಯ ದರ ದೊರೆಯುವುದಿಲ್ಲ. ಅದೇ ಮನೆಯ ಅಡಿಗೆಕೋಣೆಯಲ್ಲಿ, ಅತ್ತೆ ಹಾಕಿದ ಉಪ್ಪಿನ ಮೇಲೆ ಸೊಸೆಯೂ ಉಪ್ಪು ಹಾಕಿ ಸಾರು ಕೆಡುವುದುಂಟು. ಜ್ವರ ಬಂದ ಮಗುವಿಗೆ ತಾಯಿ ಕೊಟ್ಟ ಔಷಧವನ್ನು ತಂದೆಯೂ ಮತ್ತೊಮ್ಮೆ ಕುಡಿಸುವುದುಂಟು. ಎಲ್ಲರೂ ಪ್ರೀತಿಯಿಂದ, ಶ್ರದ್ಧೆಯಿಂದ, ತಮಗೆ ತಿಳಿದ ಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡಿದ್ದಾರೆ. ಕೆಟ್ಟದ್ದು ಕೆಲಸವಲ್ಲ, ಕೆಲಸ ಕೈಯಿಂದ ಕೈಗೆ ಹೋಗುವ ಹಾದಿ.

ಮನೆಯಲ್ಲಿ ಇಂಥ ಪ್ರಮಾದಕ್ಕೆ ತೆರಬೇಕಾದ ದಂಡ ಬಹುಮಟ್ಟಿಗೆ ಸಣ್ಣದು. ಸಾರಿಗೆ ನೀರು ಬೆರೆಸಬಹುದು. ಮೆಣಸಿನಕಾಯಿಯನ್ನು ಮುಂದಿನ ವರ್ಷ ಬೆಳೆಯಬಹುದು. ಆದರೆ ಇದೇ ‘ಹೇಳಿರಬಹುದು’ ಎಂಬ ನಂಬಿಕೆ ಒಂದು ವಿಮಾನ ನಿಲ್ದಾಣದ ಗೋಪುರವನ್ನೇರಿ ಕುಳಿತರೆ ಆಗುವುದೇನು? ಆ ಪ್ರಶ್ನೆಗೆ ಕರ್ನಾಟಕದ ರಾಜಧಾನಿಯಲ್ಲಿಯೇ ಒಂದು ಮುಂಜಾನೆ ಉತ್ತರ ದೊರೆಯುವುದರಲ್ಲಿತ್ತು.

ಹಲಗೇರಿಗೆ ವಿಮಾನವೆಂಬುದು ಒಂದು ಕಾಲಕ್ಕೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಕತ್ತೆತ್ತಿ ನೋಡುವ ವಸ್ತುವಾಗಿತ್ತು. ಈಗ ಹಾಗಿಲ್ಲ. ಉತ್ತರಕ್ಕೆ ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ದಕ್ಷಿಣಕ್ಕೆ ಶಿವಮೊಗ್ಗದಲ್ಲಿ ೨೦೨೩ರಲ್ಲಿ ಇನ್ನೊಂದು ತೆರೆಯಿತು. ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಓದಲು, ದುಡಿಯಲು ಹೋದ ಮಕ್ಕಳು ಕೊಲ್ಕತ್ತಕ್ಕೋ ದೆಹಲಿಗೋ ಸಮುದ್ರದಾಚೆಗೋ ಹಾರಬೇಕಾದರೆ ಅವರಲ್ಲಿ ಹಲವರ ಹಾದಿ ಬೆಂಗಳೂರಿನ ಮೇಲೆಯೇ ಹೋಗುತ್ತದೆ. ಮಗನನ್ನೋ ಮಗಳನ್ನೋ ಬಸ್ಸಿಗೆ ಹತ್ತಿಸಿ ಬಂದ ತಾಯಿತಂದೆಯರು ‘ತಲುಪಿದೆ’ ಎಂಬ ಒಂದು ಮಾತಿಗಾಗಿ ದೂರವಾಣಿಯನ್ನು ಎದುರಿಗಿಟ್ಟುಕೊಂಡು ಕಾಯುತ್ತಾರೆ. ಅವರು ವಿಮಾನದ ಯಂತ್ರದ ಬಗೆಗೆ ಚಿಂತಿಸುತ್ತಾರೆ, ಮಳೆಗಾಳಿಯ ಬಗೆಗೆ ಚಿಂತಿಸುತ್ತಾರೆ, ವಿಮಾನವನ್ನು ನಡೆಸುವ ಪೈಲಟ್ ನಿದ್ದೆಗೆಟ್ಟಿರಬಹುದೆ ಎಂದೂ ಚಿಂತಿಸುತ್ತಾರೆ. ನೆಲದ ಮೇಲೆ ಕುಳಿತ ಇಬ್ಬರು ಪರಸ್ಪರ ಮಾತನಾಡಿಕೊಂಡರೋ ಇಲ್ಲವೋ ಎಂಬ ಚಿಂತೆ ಮಾತ್ರ ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ವಿಮಾನ ನಿಲ್ದಾಣದಲ್ಲಿ ಗಾಜಿನ ಕಿರೀಟ ಧರಿಸಿದಂತೆ ನಿಂತಿರುವ ಎತ್ತರದ ಗೋಪುರವನ್ನು ಪ್ರಯಾಣಿಕರೆಲ್ಲ ಕಂಡಿರುತ್ತಾರೆ. ಅದರೊಳಗೆ ಒಬ್ಬನೇ ಕುಳಿತು ಆಕಾಶವನ್ನಾಳುತ್ತಾನೆಂದು ತಿಳಿದವರು ಬಹಳ. ನಿಜವಾಗಿ ಅಲ್ಲಿ ಕೆಲಸ ಹಲವರಲ್ಲಿ ಹಂಚಿಹೋಗಿರುತ್ತದೆ. ಹೊರಡುವ ವಿಮಾನಕ್ಕೆ ಅದರ ಮಾರ್ಗವನ್ನು ಓದಿ ಹೇಳುವವನು ಒಬ್ಬ. ನಿಂತಲ್ಲಿಂದ ರನ್‌ವೇಯ ಅಂಚಿನವರೆಗೆ ನೆಲದ ಮೇಲೆ ನಡೆಸಿ ತರುವವನು ಇನ್ನೊಬ್ಬ. ರನ್‌ವೇಯ ಮೇಲೆ ಇಳಿಯಲು, ಏರಲು ಅಪ್ಪಣೆ ಕೊಡುವವನು ಗೋಪುರ ನಿಯಂತ್ರಕ. ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳುವವನು ರೇಡಾರ್ ಪರದೆಯ ಮುಂದೆ ಕುಳಿತ ನಿಯಂತ್ರಕ. ಅವನಿಗೆ ಕಿಟಕಿಯ ಗೊಡವೆಯಿಲ್ಲ, ಚುಕ್ಕೆಗಳೇ ವಿಮಾನಗಳು. ಇವರೆಲ್ಲರ ಮೇಲೆ, ಆ ಹೊತ್ತಿನ ಸರದಿಗೆ ಹೊಣೆಗಾರನಾದ ಮೇಲಧಿಕಾರಿ.

ಹೀಗೆ ಒಂದು ವಿಮಾನ ನಾಲ್ಕೈದು ಕೈಗಳನ್ನು ದಾಟಿ ಆಕಾಶಕ್ಕೆ ಸೇರುತ್ತದೆ. ದಾಟುವುದಕ್ಕೆ ಗುರುತಾಗಿ ಪ್ರತಿ ವಿಮಾನಕ್ಕೂ ಒಂದು ಸಣ್ಣ ಕಾಗದದ ಪಟ್ಟಿ ಇರುವ ಪದ್ಧತಿ ಬಹಳ ಹಳೆಯದು. ವಿಮಾನದ ಹೆಸರು, ಹೋಗುವ ಊರು, ಏರಬೇಕಾದ ಎತ್ತರ ಇವನ್ನೆಲ್ಲ ಅದರ ಮೇಲೆ ಬರೆದು, ಒಬ್ಬ ನಿಯಂತ್ರಕ ತನ್ನ ಕೆಲಸ ಮುಗಿಸಿ ಮುಂದಿನವನ ಕೈಗೆ ದಾಟಿಸುತ್ತಿದ್ದ. ಪಟ್ಟಿ ಯಾರ ಮುಂದಿದೆಯೋ ವಿಮಾನ ಅವನದು. ಇಂದು ಅನೇಕ ಕಡೆಗಳಲ್ಲಿ ಈ ಪಟ್ಟಿ ಕಾಗದವನ್ನು ಬಿಟ್ಟು ಗಣಕಯಂತ್ರದ ಪರದೆಯನ್ನು ಸೇರಿದೆ. ಆದರೆ ಅದರ ಅರ್ಥ ಬದಲಾಗಿಲ್ಲ.

ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ೨೦೦೮ರ ಮೇ ತಿಂಗಳಲ್ಲಿ ಆರಂಭವಾದಾಗ ಅದಕ್ಕೆ ಒಂದೇ ರನ್‌ವೇ. ಎರಡನೆಯದು ೨೦೧೯ರ ಡಿಸೆಂಬರಿನಲ್ಲಿ ಬಳಕೆಗೆ ಬಂದಿತು. ಎರಡೂ ಪೂರ್ವಪಶ್ಚಿಮವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಮಲಗಿವೆ. ಉತ್ತರದ ಹಾದಿ, ದಕ್ಷಿಣದ ಹಾದಿ ಎಂದು ಅವುಗಳನ್ನು ಗುರುತಿಸುತ್ತಾರೆ. ಎರಡು ಹಾದಿಗಳಾದ ಮೇಲೆ ಒಂದರ ಮೇಲೆ ಇಳಿಯುವ ವಿಮಾನಗಳನ್ನೂ ಇನ್ನೊಂದರಿಂದ ಏರುವ ವಿಮಾನಗಳನ್ನೂ ನಡೆಸಬಹುದು, ಕೆಲಸ ಸರಾಗವಾಗುತ್ತದೆ. ಆದರೆ ಎರಡು ಹಾದಿಗಳೆಂದರೆ ಇಬ್ಬರು ಗೋಪುರ ನಿಯಂತ್ರಕರು. ಇಬ್ಬರಾದೊಡನೆ ಅವರ ನಡುವೆ ಒಂದು ಸೇತುವೆ ಬೇಕಾಯಿತು. ಕಾಂಕ್ರೀಟಿನ ಹಾದಿಯನ್ನು ಕಟ್ಟುವುದಕ್ಕೆ ಕೋಟಿಗಟ್ಟಲೆ ಹಣ ಬೇಕು. ಮಾತಿನ ಸೇತುವೆಗೆ ಕಾಸೂ ಬೇಡ. ಬಹುಶಃ ಅದರಿಂದಲೇ ಅದರ ಬೆಲೆಯನ್ನು ಮನುಷ್ಯ ಮರೆಯುತ್ತಾನೆ.

೨೦೨೨ರ ಜನವರಿ ೭ರ ಮುಂಜಾನೆ. ಪ್ರಾಥಮಿಕ ವರದಿಯಿಂದ ಹೊರಬಿದ್ದ ವಿವರಗಳ ಪ್ರಕಾರ, ಆ ಹೊತ್ತಿನಲ್ಲಿ ಉತ್ತರದ ಹಾದಿಯಿಂದ ವಿಮಾನಗಳು ಏರುತ್ತಿದ್ದುವು. ದಕ್ಷಿಣದ ಹಾದಿಯ ಮೇಲೆ ಇಳಿಯುತ್ತಿದ್ದುವು. ಸ್ವಲ್ಪ ಹೊತ್ತಿನ ಮೇಲೆ ಸರದಿಯ ಮೇಲಧಿಕಾರಿ ಒಂದು ನಿರ್ಧಾರ ಕೈಗೊಂಡರು: ದಕ್ಷಿಣದ ಹಾದಿಯನ್ನು ಮುಚ್ಚುವುದು, ಏರುವುದು, ಇಳಿಯುವುದು ಎರಡನ್ನೂ ಉತ್ತರದ ಹಾದಿಯಲ್ಲಿಯೇ ನಡೆಸುವುದು. ಇದರಲ್ಲಿ ಅಸಾಧಾರಣವಾದುದೇನೂ ಇಲ್ಲ. ಆದರೆ ದಕ್ಷಿಣದ ಹಾದಿಯನ್ನು ಮುಚ್ಚಲಾಗಿದೆಯೆಂಬ ವಾರ್ತೆ, ಜಗತ್ತಿನಲ್ಲಿ ಯಾರಿಗೆ ಎಲ್ಲರಿಗಿಂತ ಮೊದಲು ತಿಳಿಯಬೇಕೋ ಆ ದಕ್ಷಿಣ ಗೋಪುರದ ನಿಯಂತ್ರಕನಿಗೆ ತಲುಪಲಿಲ್ಲ.

ಆಗ ಇಂಡಿಗೊ ಸಂಸ್ಥೆಯ ಎರಡು ವಿಮಾನಗಳು ಹೊರಡಲು ಸಿದ್ಧವಾಗಿದ್ದುವು. ಒಂದು ಕೊಲ್ಕತ್ತಕ್ಕೆ, ಅದರಲ್ಲಿ ೧೭೬ ಜನ ಪ್ರಯಾಣಿಕರು, ೬ ಜನ ಸಿಬ್ಬಂದಿ. ಇನ್ನೊಂದು ಭುವನೇಶ್ವರಕ್ಕೆ, ಅದರಲ್ಲಿ ೨೩೮ ಜನ ಪ್ರಯಾಣಿಕರು, ೬ ಜನ ಸಿಬ್ಬಂದಿ. ಕೊಲ್ಕತ್ತದ ವಿಮಾನಕ್ಕೆ ದಕ್ಷಿಣ ಗೋಪುರದ ನಿಯಂತ್ರಕ ಅಪ್ಪಣೆ ಕೊಟ್ಟ. ಭುವನೇಶ್ವರದ ವಿಮಾನಕ್ಕೆ ಉತ್ತರ ಗೋಪುರದ ನಿಯಂತ್ರಕ ಅಪ್ಪಣೆ ಕೊಟ್ಟ. ಒಬ್ಬ ಕೊಟ್ಟ ಅಪ್ಪಣೆ ಇನ್ನೊಬ್ಬನಿಗೆ ತಿಳಿಯದು. ಎರಡು ಊರುಗಳೂ ಬೆಂಗಳೂರಿನಿಂದ ಈಶಾನ್ಯಕ್ಕಿವೆ. ಏರಿದ ಮೇಲೆ ಎರಡು ವಿಮಾನಗಳೂ ಒಂದೇ ದಿಕ್ಕಿಗೆ ಮುಖ ಮಾಡಬೇಕಾದವು. ಎರಡೂ ನೆಲ ಬಿಟ್ಟುವು. ಎರಡೂ ಆಕಾಶದಲ್ಲಿ ಒಂದರ ಹಾದಿಗೊಂದು ಸಮೀಪಿಸತೊಡಗಿದುವು.

ಆಗತಾನೆ ಏರಿದ ವಿಮಾನ ಒಂದು ನಿಮಿಷದಲ್ಲಿ ಐದಾರು ಕಿಲೋಮೀಟರು ಸಾಗಬಲ್ಲದು. ಹಲಗೇರಿಯ ರೈತ ಎತ್ತಿನ ಗಾಡಿಯಲ್ಲಿ ಒಂದು ಗಂಟೆ ಹೊಡೆದು ಸೇರುವ ದೂರ ಅದಕ್ಕೆ ಒಂದು ನಿಮಿಷದ ಮಾತು. ಎದುರಿಗೆ ಗಾಡಿ ಬಂದರೆ ಎತ್ತುಗಳೇ ಅರಿತು ಮಗ್ಗುಲಿಗೆ ಸರಿಯುತ್ತವೆ. ವಿಮಾನದ ವೇಗದಲ್ಲಿ ಕಣ್ಣು ಕಂಡು, ಮನಸ್ಸು ತಿಳಿದು, ಕೈ ತಿರುಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ಎರಡು ವಿಮಾನಗಳ ೪೨೬ ಜನರಲ್ಲಿ ಯಾರ ಕೈಯಲ್ಲಿಯೂ ಆಗ ಹೆಚ್ಚಿನದೇನೂ ಇರಲಿಲ್ಲ.

ಅವರನ್ನುಳಿಸಿದ್ದು ಮೂರನೆಯ ಕಣ್ಣು. ರೇಡಾರ್ ಪರದೆಯ ಮುಂದೆ ಕುಳಿತಿದ್ದ ನಿಯಂತ್ರಕ ಎರಡು ಚುಕ್ಕೆಗಳನ್ನು ಕಂಡ. ಅವು ಹೋಗುತ್ತಿರುವ ದಿಕ್ಕನ್ನು ಕಂಡ. ತತ್‌ಕ್ಷಣವೇ ಒಂದೊಂದು ವಿಮಾನಕ್ಕೂ ಬೇರೆ ಬೇರೆ ದಿಕ್ಕನ್ನು ಸೂಚಿಸಿದ. ಎರಡು ವಿಮಾನಗಳೂ ಬೇರ್ಪಟ್ಟುವು. ಕೊಲ್ಕತ್ತದವರು ಕೊಲ್ಕತ್ತವನ್ನೂ ಭುವನೇಶ್ವರದವರು ಭುವನೇಶ್ವರವನ್ನೂ ಸೇರಿದರು. ನಿಲ್ದಾಣದ ಹೊರಗೆ ಕಾದು ನಿಂತಿದ್ದ ಬಂಧುಗಳು ಪೆಟ್ಟಿಗೆಗಳನ್ನೆತ್ತಿಕೊಂಡು ಮನೆಗೆ ನಡೆದರು. ತಾವು ದಾಟಿ ಬಂದುದು ಏನನ್ನು ಎಂಬುದು ಅವರಲ್ಲಿ ಯಾರಿಗೂ ಅಂದು ತಿಳಿಯುವಂತಿರಲಿಲ್ಲ.

ಈಗ ವಾಚಕರು ಕ್ಷಣಕಾಲ ಆ ಇಬ್ಬರು ಗೋಪುರ ನಿಯಂತ್ರಕರ ಕುರ್ಚಿಯಲ್ಲಿ ಕುಳಿತು ನೋಡಬೇಕು. ದಕ್ಷಿಣದವನಿಗೆ ತನ್ನ ಹಾದಿ ತೆರೆದೇ ಇದೆ. ಮುಚ್ಚಿದೆಯೆಂದು ಯಾರೂ ಹೇಳಿಲ್ಲ. ಉತ್ತರದವನಿಗೆ ತನ್ನ ಹಾದಿಯೊಂದೇ ತೆರೆದಿರುವುದು. ಪಕ್ಕದಿಂದ ವಿಮಾನವೊಂದು ಏರೀತೆಂಬ ಸಂಶಯವೇಕೆ ಬರಬೇಕು? ಇಬ್ಬರೂ ತಮಗೆ ತಿಳಿದ ಲೋಕದಲ್ಲಿ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದರು. ದುರದೃಷ್ಟವೆಂದರೆ ಆ ಹೊತ್ತಿನಲ್ಲಿ ಒಂದೇ ವಿಮಾನ ನಿಲ್ದಾಣದಲ್ಲಿ ಎರಡು ಲೋಕಗಳಿದ್ದುವು. ಇಬ್ಬರಲ್ಲಿ ಒಬ್ಬನು ಇನ್ನೊಬ್ಬನನ್ನು ಒಂದು ಮಾತು ಕೇಳಿದ್ದರೆ ಎರಡು ಲೋಕಗಳು ಒಂದಾಗುತ್ತಿದ್ದುವು. ಕೇಳದಿದ್ದುದೇ ಅವರ ಪಾಲಿನ ತಪ್ಪು. ಕೇಳದೆ ಇರಲು ಸಾಧ್ಯವಾಗುವಂತೆ ವ್ಯವಸ್ಥೆಯಿದ್ದುದು ಅದಕ್ಕಿಂತ ದೊಡ್ಡ ತಪ್ಪು.

ಕೇಳದೆ ನಡೆಯಲು ಸಾಧ್ಯವೇ ಇಲ್ಲದಂಥ ವ್ಯವಸ್ಥೆ ಇರಬಲ್ಲುದೆ? ಇರಬಲ್ಲುದು. ಅದನ್ನು ಕಾಣಲು ವಿಮಾನವನ್ನು ಬಿಟ್ಟು ರೈಲಿನ ಕಡೆಗೆ ತಿರುಗಬೇಕು. ಬ್ಯಾಡಗಿ, ದೇವರಗುಡ್ಡ, ರಾಣೇಬೆನ್ನೂರುಗಳನ್ನು ಹಾದು ಹೋಗುವ ರೈಲು ಹಾದಿ ಒಂಟಿ ಹಳಿಯದಾಗಿದ್ದ ದಿನಗಳನ್ನು ಹಲಗೇರಿಯ ಹಿರಿಯರು ಬಲ್ಲರು. ಎರಡು ನಿಲ್ದಾಣಗಳ ನಡುವೆ ಒಂದೇ ಜೊತೆ ಹಳಿ. ಎರಡು ಕಡೆಯಿಂದಲೂ ಗಾಡಿಗಳು ಬರಬೇಕು. ಇಂಥ ಒಂಟಿ ಹಳಿಯ ಮಾರ್ಗಗಳಿಗಾಗಿ ಭಾರತದ ರೈಲ್ವೆಯಲ್ಲಿ ದೀರ್ಘಕಾಲ ನಡೆದು ಬಂದದ್ದು ಟೋಕನ್ ಪದ್ಧತಿ. ನಿಲ್ದಾಣದ ಸಿಬ್ಬಂದಿ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು ನಿಲ್ಲುವುದು, ಸಾಗುತ್ತಿರುವ ಇಂಜಿನ್ನಿನಿಂದ ಬಗ್ಗಿ ಒಬ್ಬನು ಅದಕ್ಕೆ ತೋಳು ಕೊಟ್ಟು ಎತ್ತಿಕೊಳ್ಳುವುದು—ಈ ನೋಟ ಒಂದು ತಲೆಮಾರಿನ ಮಕ್ಕಳಿಗೆ ಸರ್ಕಸ್ಸಿಗಿಂತ ಮಿಗಿಲಾದ ಸೊಗಸು. ಆ ಬಳೆಗೆ ಕಟ್ಟಿದ ಚೀಲದೊಳಗೆ ಲೋಹದ ಗುಂಡೊಂದಿರುತ್ತಿತ್ತು. ಅದೇ ಟೋಕನ್. ಅದು ಕೈಗೆ ಬಾರದೆ ಚಾಲಕನು ಗಾಡಿಯನ್ನು ನಿಲ್ದಾಣದಿಂದ ಹೊರಡಿಸುವಂತಿರಲಿಲ್ಲ.

ಆ ಗುಂಡಿನ ಮಹಿಮೆ ಅದನ್ನು ಪಡೆಯುವ ಬಗೆಯಲ್ಲಿದೆ. ಎರಡು ನಿಲ್ದಾಣಗಳಲ್ಲಿರುವ ಎರಡು ಪೆಟ್ಟಿಗೆಗಳು ವಿದ್ಯುತ್ತಿನಿಂದ ಬೆಸೆದಿರುತ್ತಿದ್ದುವು. ಆಚೆಯ ನಿಲ್ದಾಣದವನು ಒಪ್ಪಿ ತನ್ನ ಪೆಟ್ಟಿಗೆಯಿಂದ ಸಂಕೇತ ಕಳುಹದೆ ಈಚೆಯ ಪೆಟ್ಟಿಗೆಯಿಂದ ಗುಂಡು ಹೊರಬೀಳದು. ಒಂದು ಹೊರಬಿದ್ದ ಮೇಲೆ, ಅದು ಮತ್ತೆ ಯಾವುದಾದರೊಂದು ಪೆಟ್ಟಿಗೆಯನ್ನು ಸೇರುವವರೆಗೆ ಎರಡನೆಯದು ಎರಡು ಕಡೆಯಿಂದಲೂ ಬಾರದು. ‘ಹೇಳಿರಬಹುದು’ ಎಂಬುದಕ್ಕೆ ಅಲ್ಲಿ ಎಡೆಯೇ ಇಲ್ಲ. ಇಬ್ಬರು ನಿಲ್ದಾಣಾಧಿಕಾರಿಗಳಲ್ಲಿ ವೈಮನಸ್ಯವಿರಲಿ, ಒಬ್ಬನಿಗೆ ಮರೆವಿರಲಿ, ಇನ್ನೊಬ್ಬನಿಗೆ ತೂಕಡಿಕೆಯಿರಲಿ, ಇಬ್ಬರೂ ಕೂಡಿದಲ್ಲದೆ ಗಾಡಿ ಹೊರಡದು. ಮನುಷ್ಯನ ದೌರ್ಬಲ್ಯವನ್ನು ಬಲ್ಲವನು ಕಟ್ಟಿದ ಪದ್ಧತಿ ಅದು.

ಆಕಾಶದ ಕೆಲಸಕ್ಕೆ ಇಷ್ಟು ಗಟ್ಟಿಯಾದ ಬೀಗ ಹಾಕುವುದು ಸುಲಭವಲ್ಲ. ಗಾಳಿ ತಿರುಗಿದರೆ ರನ್‌ವೇಯ ದಿಕ್ಕು ಬದಲಾಗಬೇಕು. ಮೋಡ ಕವಿದರೆ ಮಾರ್ಗ ಬದಲಾಗಬೇಕು. ಆದುದರಿಂದ ಅಲ್ಲಿ ಲೋಹದ ಗುಂಡಿನ ಬದಲು ಮಾತೇ ಗುಂಡಾಗಬೇಕಾಯಿತು. ನಿಯಂತ್ರಕ ಹೇಳಿದುದನ್ನು ಪೈಲಟ್ ಮರಳಿ ಹೇಳಬೇಕು. ಸರಿಯಾಗಿ ಹೇಳಿದನೆಂಬುದನ್ನು ನಿಯಂತ್ರಕ ಕೇಳಿಸಿಕೊಳ್ಳಬೇಕು. ‘ಆಯಿತು’ ಎಂದರೆ ಸಾಲದು. ‘ಬಲಕ್ಕೆ ತಿರುಗಿ’ ಎಂದರೆ ‘ಬಲಕ್ಕೆ ತಿರುಗುತ್ತಿದ್ದೇನೆ’ ಎಂದೇ ಉತ್ತರ ಬರಬೇಕು. ಹೊಸಬರಿಗೆ ಇದು ಗಿಳಿಪಾಠದಂತೆ ಕಂಡೀತು. ಆದರೆ ಮಾತು ಹೊರಟುದಕ್ಕೆ ಸಾಕ್ಷಿ ಬಾಯಿ; ಅದು ತಲುಪಿದುದಕ್ಕೆ ಸಾಕ್ಷಿ ಮರಳಿ ಬಂದ ಮಾತು ಮಾತ್ರ. ಪೈಲಟ್ಟಿಗೂ ನಿಯಂತ್ರಕನಿಗೂ ನಡುವೆ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಈ ನಿಯಮ, ಒಂದೇ ವೃತ್ತಿಯ ಇಬ್ಬರು ಸಹೋದ್ಯೋಗಿಗಳ ನಡುವೆ ಸಡಿಲಾಗುವುದೇ ಸೋಜಿಗ. ಅಪರಿಚಿತನೊಡನೆ ಎಚ್ಚರವಾಗಿರುವ ಮನುಷ್ಯ, ಪರಿಚಿತನ ಹತ್ತಿರ ಒಂದು ಕೈಸನ್ನೆ ಸಾಕೆಂದು ಭಾವಿಸುತ್ತಾನೆ.

ಅಂಥದೊಂದು ಸಡಿಲಿಕೆಯ ಕಥೆ ಅಂದಿನ ಯುಗೊಸ್ಲಾವಿಯಾ ದೇಶದ ಝಾಗ್ರೆಬ್ ನಗರದ್ದು. ೧೯೭೬ರ ಸೆಪ್ಟೆಂಬರ್ ೧೦. ಅಲ್ಲಿಯ ನಿಯಂತ್ರಣ ಕೇಂದ್ರದಲ್ಲಿ ಆಕಾಶವನ್ನು ಅಂತಸ್ತುಗಳಾಗಿ ಹಂಚಿ, ಕೆಳಗಿನದಕ್ಕೊಬ್ಬ, ನಡುವಿನದಕ್ಕೊಬ್ಬ, ಮೇಲಿನದಕ್ಕೊಬ್ಬ ಎಂದು ನಿಯಂತ್ರಕರಿದ್ದರು. ಮೇಲಿನ ಅಂತಸ್ತಿನ ನಿಯಂತ್ರಕನ ಸಹಾಯಕ ಆ ಹೊತ್ತಿನಲ್ಲಿ ಅವನ ಪಕ್ಕದಲ್ಲಿರಲಿಲ್ಲ. ಇಬ್ಬರ ಕೆಲಸ ಒಬ್ಬನ ಮೇಲೆ ಬಿದ್ದಿತ್ತು. ನಡುವಿನ ಅಂತಸ್ತಿನಿಂದ ಒಂದು ವಿಮಾನ ಮೇಲೇರುತ್ತ ಅವನ ವಶಕ್ಕೆ ಬಂದಿತು. ಅದು ಬರುವುದಕ್ಕೆ ಮುನ್ನ ನಡೆಯಬೇಕಾಗಿದ್ದ ಮಾತುಕತೆ ಕ್ರಮವಾಗಿ ನಡೆಯಲಿಲ್ಲ. ಅದು ಏರುತ್ತಿದ್ದ ಹಾದಿಯಲ್ಲಿಯೇ, ೩೩,೦೦೦ ಅಡಿಗಳ ಎತ್ತರದಲ್ಲಿ, ಲಂಡನ್ನಿನಿಂದ ಇಸ್ತಾಂಬುಲ್‌ಗೆ ಹೊರಟಿದ್ದ ಬ್ರಿಟಿಷ್ ವಿಮಾನವೊಂದು ಸಾಗುತ್ತಿತ್ತು. ಅಪಾಯ ಕಂಡ ನಿಯಂತ್ರಕ ಗಾಬರಿಯಲ್ಲಿ ನಿಯಮದ ಇಂಗ್ಲಿಷನ್ನು ಬಿಟ್ಟು ತನ್ನ ತಾಯ್ನುಡಿಯಲ್ಲಿ ಕೂಗಿ ಹೇಳಿದ. ಬ್ರಿಟಿಷ್ ಪೈಲಟ್ಟರಿಗೆ ಅದು ಅರ್ಥವಾಗುವಂತಿರಲಿಲ್ಲ. ಎರಡು ವಿಮಾನಗಳಲ್ಲಿದ್ದ ೧೭೬ ಜನರೂ ಮಡಿದರು. ಅಲ್ಲಿ ಮೂರನೆಯ ಕಣ್ಣು ದೊರೆಯಲಿಲ್ಲ.

ಮುಂದೆ ನಡೆದದ್ದೂ ತಿಳಿಯತಕ್ಕದ್ದೇ. ಎಂಟು ಜನರ ಮೇಲೆ ವಿಚಾರಣೆ ನಡೆಯಿತು. ಏಳು ಜನ ಬಿಡುಗಡೆಯಾದರು. ಒಂಟಿಯಾಗಿ ದುಡಿಯುತ್ತಿದ್ದ ಆ ಒಬ್ಬನಿಗೆ ಏಳು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅವನ ಸಹೋದ್ಯೋಗಿಗಳು ಅವನ ಪರವಾಗಿ ಮೊರೆಯಿಟ್ಟರು. ಅವನು ೧೯೭೮ರಲ್ಲಿ, ಅವಧಿಗೆ ಮುನ್ನವೇ ಬಿಡುಗಡೆ ಹೊಂದಿದ. ಹಲವರ ನಡುವೆ ದಾಟದೆ ಹೋದ ಮಾತಿಗೆ ಒಬ್ಬನನ್ನು ಮಾತ್ರ ದಂಡಿಸುವುದು ಸುಲಭ; ಜನರ ದುಃಖಕ್ಕೂ ಕೋಪಕ್ಕೂ ಒಂದು ಮುಖ ಬೇಕಾಗುತ್ತದೆ. ಆದರೆ ಆ ದಂಡನೆಯಿಂದ ಸಹಾಯಕನಿಲ್ಲದ ಕುರ್ಚಿ ತುಂಬುವುದಿಲ್ಲ, ಮುರಿದ ಸೇತುವೆ ಕಟ್ಟಿಕೊಳ್ಳುವುದಿಲ್ಲ.

ಇದಕ್ಕೆ ಬೇರೊಂದು ಬಗೆಯ ವಿವೇಕ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಂಡಿತು. ೧೯೯೧ರ ಫೆಬ್ರುವರಿ ೧ರ ಸಂಜೆ ಅಲ್ಲಿಯ ನಿಯಂತ್ರಕಿಯೊಬ್ಬಳು ಒಂದು ಸಣ್ಣ ವಿಮಾನವನ್ನು ರನ್‌ವೇಯ ಮೇಲೆ ತಂದು ಕಾಯಲು ಹೇಳಿದ್ದಳು. ಅಷ್ಟರಲ್ಲಿ ಬೇರೊಂದು ಸಣ್ಣ ವಿಮಾನ ಅವಳನ್ನು ಮಾತನಾಡಿಸಿತು. ಅದರ ಕಾಗದದ ಪಟ್ಟಿ ಅವಳ ಮುಂದಿರಲಿಲ್ಲ. ಅದು ಅವಳಿಗೆ ದಾಟಬೇಕಾಗಿದ್ದುದು, ಗೋಪುರದಲ್ಲಿಯೇ ಇನ್ನೊಬ್ಬರ ಬಳಿ ಉಳಿದುಹೋಗಿತ್ತು. ಆ ಪಟ್ಟಿಯನ್ನು ಹುಡುಕುವ ಗೊಂದಲದಲ್ಲಿ, ರನ್‌ವೇಯ ಮೇಲೆ ಕತ್ತಲಲ್ಲಿ ಕಾಯುತ್ತಿದ್ದ ವಿಮಾನ ಅವಳ ಮನಸ್ಸಿನಿಂದ ಜಾರಿತು. ಅದೇ ಹಾದಿಗೆ ದೊಡ್ಡದೊಂದು ವಿಮಾನವನ್ನು ಇಳಿಯಲು ಬಿಟ್ಟಳು. ೩೫ ಜನ ಸತ್ತರು. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಆಕೆಯ ಮರೆವನ್ನು ಅಡಗಿಸಲಿಲ್ಲ. ಆದರೆ ಒಬ್ಬಳ ಮರೆವನ್ನು ಇನ್ನೊಬ್ಬರ ಎಚ್ಚರ ಸರಿಪಡಿಸುವಂಥ ಏರ್ಪಾಡು ಆ ಗೋಪುರದಲ್ಲಿ ಇಲ್ಲದಿದ್ದುದನ್ನೇ ಮುಖ್ಯ ಕಾರಣವೆಂದು ಎಣಿಸಿತು. ಮನುಷ್ಯ ಮರೆಯುತ್ತಾನೆ, ಅದು ಸುದ್ದಿಯಲ್ಲ. ಮರೆಯುತ್ತಾನೆಂದು ತಿಳಿದೂ ಏರ್ಪಾಡು ಮಾಡದಿರುವುದೇ ಅಪರಾಧ.

ಬೆಂಗಳೂರಿನಲ್ಲಿ ಆ ಏರ್ಪಾಡು ಕಡೆಯ ಗಳಿಗೆಯಲ್ಲಿ ಕೆಲಸ ಮಾಡಿತು. ಗೋಪುರದಲ್ಲಿ ತಪ್ಪಿದುದನ್ನು ರೇಡಾರಿನ ಕೋಣೆ ಹಿಡಿಯಿತು. ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದನ್ನು ದೈವಕೃಪೆಯ ಕಥೆಯೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಅದಕ್ಕೊಂದು ಎರಡನೆಯ ಅಂಕವುಂಟು.

ಆ ಘಟನೆಯನ್ನು ಅಂದಿನ ದಿನಚರಿ ಪುಸ್ತಕಗಳಲ್ಲಿ ಯಾರೂ ದಾಖಲಿಸಿರಲಿಲ್ಲ. ವಿಮಾನ ಸಂಚಾರದ ನಿಯಂತ್ರಣ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಸೇರಿದ್ದು. ಅದು ಕೂಡ ನಾಗರಿಕ ವಿಮಾನಯಾನದ ಮಹಾ ನಿರ್ದೇಶನಾಲಯಕ್ಕೆ ವರದಿ ಮಾಡಿರಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಜನವರಿ ೧೯ರ ಸುಮಾರಿಗೆ. ಅಷ್ಟು ದಿನ, ನಾಲ್ಕು ನೂರಕ್ಕೂ ಮಿಕ್ಕಿದ ಕುಟುಂಬಗಳು ತಮಗಾಗಬಹುದಾಗಿದ್ದ ಶೋಕದ ಕಲ್ಪನೆಯೂ ಇಲ್ಲದೆ ಸಂಕ್ರಾಂತಿಯ ಹಬ್ಬವನ್ನೂ ಮುಗಿಸಿದ್ದುವು. ನಿರ್ದೇಶನಾಲಯ ತನಿಖೆಯನ್ನು ಕೈಗೊಂಡಿತು. ತಪ್ಪಿತಸ್ಥರ ಮೇಲೆ ಕಟ್ಟುನಿಟ್ಟಾದ ಕ್ರಮ ಕೈಗೊಳ್ಳುವುದಾಗಿ ಹೇಳಿತು. ವಿಮಾನಾಪಘಾತಗಳ ತನಿಖಾ ಸಂಸ್ಥೆಯೂ ಅದನ್ನು ಗಂಭೀರ ಘಟನೆಯೆಂದು ಪರಿಗಣಿಸಿ ವಿಚಾರಣೆ ನಡೆಸಿತು.

ಬರೆಯದೆ ಬಿಡುವುದು ಮನುಷ್ಯಸಹಜವೆಂದು ಯಾರಾದರೂ ಹೇಳಬಹುದು. ಏನೂ ಆಗಲಿಲ್ಲವಲ್ಲ! ಒಡೆಯದ ಮಡಕೆಗೆ ಪಂಚಾಯಿತಿ ಏಕೆ? ಒಡೆದ ಹಾಲಿನ ಲೆಕ್ಕವನ್ನು ಯಾವ ಸೊಸೆಯೂ ತಾನಾಗಿ ಅತ್ತೆಗೆ ಒಪ್ಪಿಸುವುದಿಲ್ಲ; ಅದರಲ್ಲಿಯೂ ಬೈಗುಳ ನಿಶ್ಚಿತವಾಗಿರುವ ಮನೆಯಲ್ಲಿ. ಆದರೆ ಏನೂ ಆಗದೆ ಉಳಿದ ಗಂಡಾಂತರದಷ್ಟು ಅಗ್ಗವಾಗಿ ದೊರೆಯುವ ಪಾಠ ಬೇರೊಂದಿಲ್ಲ. ಸಾವಿನಿಂದ ಕಲಿಯಬೇಕಾದುದನ್ನು ಅದು ಸಾವಿಲ್ಲದೆ ಕಲಿಸುತ್ತದೆ. ಆ ಪಾಠವನ್ನು ಮುಚ್ಚಿಟ್ಟರೆ ಅದು ಮತ್ತೊಂದು ಕಡೆ, ಹೆಚ್ಚಿನ ಬೆಲೆ ಕೇಳಿಕೊಂಡು ಬರುತ್ತದೆ.

ಹಾಗೆ ಬಂದ ಉದಾಹರಣೆಯೂ ಇದೆ. ೧೯೭೪ರ ಡಿಸೆಂಬರ್ ೧ರಂದು ಅಮೆರಿಕದ ವರ್ಜೀನಿಯಾದಲ್ಲಿ ಇಳಿಯಲು ಬರುತ್ತಿದ್ದ ವಿಮಾನವೊಂದು ಬೆಟ್ಟಕ್ಕೆ ಬಡಿದು ಅದರಲ್ಲಿದ್ದ ೯೨ ಜನರೂ ಸತ್ತರು. ನಿಯಂತ್ರಕ ಹೇಳಿದ ಒಂದು ಮಾತಿಗೆ ಅವನು ಒಂದರ್ಥವನ್ನೂ ಪೈಲಟ್ ಇನ್ನೊಂದರ್ಥವನ್ನೂ ತಿಳಿದಿದ್ದರು. ಆರು ವಾರಗಳ ಹಿಂದೆಯೇ ಬೇರೊಂದು ಸಂಸ್ಥೆಯ ವಿಮಾನ ಅದೇ ಬೆಟ್ಟದಿಂದ, ಅದೇ ಬಗೆಯ ತಪ್ಪುತಿಳಿವಳಿಕೆಯಿಂದ, ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆ ತನ್ನ ಪೈಲಟ್ಟರಿಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಉಳಿದವರಿಗೆ ಅದು ತಲುಪಲಿಲ್ಲ. ಈ ದುರಂತದ ಬಳಿಕ, ೧೯೭೬ರಲ್ಲಿ, ಆ ದೇಶ ಒಂದು ಹೊಸ ಏರ್ಪಾಡನ್ನು ಮಾಡಿತು. ಪೈಲಟ್ಟರಾಗಲಿ ನಿಯಂತ್ರಕರಾಗಲಿ ತಾವು ಕಂಡ, ತಮ್ಮಿಂದಲೇ ಆದ ತಪ್ಪುಗಳನ್ನು ಗೋಪ್ಯವಾಗಿ ಬರೆದು ಕಳುಹಬಹುದು. ಅದನ್ನು ಸ್ವೀಕರಿಸುವುದು ದಂಡಿಸುವ ಅಧಿಕಾರವುಳ್ಳ ಇಲಾಖೆಯಲ್ಲ; ಬಾಹ್ಯಾಕಾಶ ಸಂಶೋಧನೆ ನಡೆಸುವ ನಾಸಾ ಸಂಸ್ಥೆ. ಬರೆದವನ ಹೆಸರನ್ನು ಅಳಿಸಿ ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ತಪ್ಪನ್ನು ಹೇಳಿಕೊಂಡವನನ್ನು ಶತ್ರುವಿನಂತೆ ಕಾಣದೆ ಕಾವಲುಗಾರನಂತೆ ಕಂಡ ಏರ್ಪಾಡು ಅದು.

ಹಾಗೆಂದು ಉದ್ದೇಶಪೂರ್ವಕವಾದ ಉಡಾಫೆಗೆ ಕ್ಷಮೆಯಿರಬೇಕೆಂದು ಯಾರೂ ಹೇಳುವುದಿಲ್ಲ. ನೂರಾರು ಪ್ರಾಣಗಳನ್ನು ಅಂಗೈಯಲ್ಲಿಟ್ಟುಕೊಂಡವನು ಹೊಣೆಗಾರನೇ ಸರಿ. ಆದರೆ ಹೊಣೆಯನ್ನು ಕೇಳುವ ಬಗೆಯಲ್ಲಿ ಎರಡುಂಟು. ‘ಯಾರು ಮಾಡಿದರು?’ ಎಂದು ಮಾತ್ರ ಕೇಳುವ ಮನೆಯಲ್ಲಿ ಎಲ್ಲರೂ ಮೌನವಾಗುತ್ತಾರೆ. ‘ಹೇಗಾಯಿತು?’ ಎಂದೂ ಕೇಳುವ ಮನೆಯಲ್ಲಿ ಚಿಕ್ಕ ಹುಡುಗನೂ ಬಾಯಿ ಬಿಡುತ್ತಾನೆ. ದಿನಚರಿಯ ಪುಟ ಬರಿದಾಗಿ ಉಳಿದುದನ್ನು ಕಂಡಾಗ, ಅದರ ಹಿಂದೆ ಯಾವ ಮೊದಲ ಪ್ರಶ್ನೆಯ ಭಯವಿದ್ದಿರಬಹುದೆಂದು ವಿಚಾರ ಮಾಡುವುದು ಅಧಿಕಾರಸ್ಥರಿಗೆ ಒಳ್ಳೆಯದು. ಮನೆ ನಡೆಸುವ ಹಿರಿಯರಿಗೂ ಕೆಟ್ಟದ್ದಲ್ಲ.

ಯಂತ್ರಗಳು ವರ್ಷ ವರ್ಷಕ್ಕೂ ಬುದ್ಧಿವಂತವಾಗುತ್ತಿವೆ. ವಿಮಾನಗಳು ತಾವೇ ಒಂದನ್ನೊಂದು ಗುರುತಿಸಿ ಪೈಲಟ್ಟನನ್ನು ಎಚ್ಚರಿಸಬಲ್ಲವು. ಪರದೆಯ ಮೇಲಿನ ಪಟ್ಟಿ ತಾನಾಗಿಯೇ ಬಣ್ಣ ಬದಲಿಸಬಲ್ಲದು. ಇವೆಲ್ಲ ಬೇಕು. ಆದರೆ ಯಂತ್ರಕ್ಕೆ ಸುದ್ದಿ ಕೊಡುವವನೂ ಮನುಷ್ಯನೇ, ಯಂತ್ರದ ಎಚ್ಚರಿಕೆಯನ್ನು ಕೇಳಬೇಕಾದವನೂ ಮನುಷ್ಯನೇ. ನಿರ್ಧಾರವೊಂದನ್ನು ಕೈಗೊಂಡವನ ಕೆಲಸ ನಿರ್ಧಾರದಲ್ಲಿ ಮುಗಿಯುವುದಿಲ್ಲ. ಅದು ತಲುಪಬೇಕಾದವನ ಬಾಯಿಂದ ಮರಳಿ ಕೇಳಿದಾಗ ಮುಗಿಯುತ್ತದೆ. ಇದು ಗೋಪುರಕ್ಕೂ ಸರಿ, ಆಸ್ಪತ್ರೆಯಲ್ಲಿ ರಾತ್ರಿಯ ದಾದಿ ಹಗಲಿನ ದಾದಿಗೆ ರೋಗಿಯನ್ನು ಒಪ್ಪಿಸುವಾಗಲೂ ಸರಿ.

೨೦೨೨ರ ಆ ಮುಂಜಾನೆ ಬೆಂಗಳೂರಿನಲ್ಲಿ ಬೇಕಾಗಿದ್ದುದು ಎರಡೇ ವಾಕ್ಯ. ‘ದಕ್ಷಿಣದ ಹಾದಿಯನ್ನು ಮುಚ್ಚಿದ್ದೇವೆ’ ಎಂಬುದೊಂದು. ‘ತಿಳಿಯಿತು, ದಕ್ಷಿಣದ ಹಾದಿ ಮುಚ್ಚಿದೆ’ ಎಂಬುದಿನ್ನೊಂದು. ಎರಡನ್ನೂ ಹೇ‍ಳಲು ಹತ್ತು ಸೆಕೆಂಡುಗಳು ಹಿಡಿಯವು. ಆ ಹತ್ತು ಸೆಕೆಂಡುಗಳನ್ನು ಯಾರೂ ಕೊಡದೆ ಹೋದುದರಿಂದ, ಕೊಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟಿದ್ದ ೪೨೬ ಜನ, ತಾವು ಕಾಣದ ಒಬ್ಬ ಮನುಷ್ಯ ತನ್ನ ಪರದೆಯಿಂದ ಕಣ್ಣು ತೆಗೆಯದೆ ಕುಳಿತಿದ್ದುದಕ್ಕೆ ಋಣಿಗಳಾಗಬೇಕಾಯಿತು.